ವಾಲಂಟಿಯರ್ ಅಪ್ಪನ ಪಾಡು

ಅಮೆರಿಕದಲ್ಲಿ ಮಕ್ಕಳನ್ನು ಹೈಸ್ಕೂಲಿಗೆ ಕಳಿಸುತ್ತಿರುವ ಕನ್ನಡಿಗ ಅಪ್ಪಂದಿರೇ, ನೀವೂ ಇದನ್ನೆಲ್ಲ ಅನುಭವಿಸಿರುತ್ತೀರಿ, ಮರ್ಯಾದೆಗೆ ಅಂಜಿ ಹೊರಗೆ ಹೇಳಿಕೊಂಡಿರುವುದಿಲ್ಲ ಅಷ್ಟೆ. ನನಗೆ ಆ ಅಂಜಿಕೆ ಈಗಿಲ್ಲ, ಏಕೆಂದರೆ ಮರ್ಯಾದೆಯೇ ಉಳಿದಿಲ್ಲ. ಆಗಸ್ಟ್ ಮುಗಿಯುತ್ತ ಬಂದು, ಊರಲ್ಲಿ ಗಣಪತಿ ಕೂರಿಸಲು ಹುಡುಗರು ಚಂದಾ ಪುಸ್ತಕ ಹಿಡಿದು ಹೊರಡುವ ಹೊತ್ತಿಗೆ ಇಲ್ಲಿ ನ್ಯೂಜೆರ್ಸಿಯ ಹೈಸ್ಕೂಲುಗಳಲ್ಲಿ ಫಾಲ್ ಸೀಸನ್ ಶುರುವಾಗುತ್ತದೆ. ಹುಡುಗರಿಗೆ ಫುಟ್‌ಬಾಲ್, ಹುಡುಗಿಯರಿಗೆ ಫೀಲ್ಡ್ ಹಾಕಿ, ಅಪ್ಪ ಅಮ್ಮಂದಿರಿಗೆ ವಾಲಂಟಿಯರ್ ಕೆಲಸ. ಮೊದಲೆರಡಕ್ಕೆ ಟ್ರೈಔಟ್ ಇರುತ್ತದೆ, ಕೈಲಾಗದವರನ್ನು ಮನೆಗೆ ಕಳಿಸುತ್ತಾರೆ. ಮೂರನೆಯದಕ್ಕೆ ಯಾರು ಬಂದರೂ ತೆಗೆದುಕೊಳ್ಳುತ್ತಾರೆ. ನನ್ನನ್ನು ತೆಗೆದುಕೊಂಡದ್ದೇ ಇದಕ್ಕೆ ಸಾಕ್ಷಿ.

ನಾನು ದಾವಣಗೆರೆಯವನು. ಮಕ್ಕಳು ಅಮೆರಿಕದಲ್ಲಿ ಏನೇನಾಗಬೇಕು ಎಂಬ ನನ್ನ ಪಟ್ಟಿಯಲ್ಲಿ ಸ್ಪೆಲಿಂಗ್ ಬೀ ಇತ್ತು, ಗಣಿತದ ಒಲಿಂಪಿಯಾಡ್ ಇತ್ತು, ಭಾನುವಾರದ ಕನ್ನಡ ತರಗತಿಯೂ ಇತ್ತು. ಮೈಗೆ ಮಣ್ಣು ಮೆತ್ತುವ ಯಾವ ಬಾಬತ್ತೂ ಇರಲಿಲ್ಲ. ಮಗಳು ನನ್ನನ್ನು ಕೇಳದೆ ಫೀಲ್ಡ್ ಹಾಕಿಗೆ ಸೇರಿದಳು, ಅವಳನ್ನು ನೋಡಿ ಮಗ ಫುಟ್‌ಬಾಲಿಗೆ ಸೇರಿದ. ಕಾಲ್ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರಲ್ಲ ಎಂಬ ಆ ಹಳೇ ಜೋಕನ್ನು ನಾನಿಲ್ಲಿ ಮಾಡುವುದಿಲ್ಲ. ಕೋಚ್ ಮುಂದೆ ಒಮ್ಮೆ ಮಾಡಿ, ನಕ್ಕವನು ನಾನೊಬ್ಬನೇ ಆದ ಅನುಭವ ಇದೆ.

ಊರಿಂದ ಅಮ್ಮ ಫೋನಿನಲ್ಲಿ ಈ ಆಟ ಏನೆಂದು ಕೇಳಿದಾಗ ನಾನು ಬಹಳ ತಿಳಿದವನ ಗತ್ತಿನಲ್ಲಿ ವಿವರಿಸಿದೆ. ಮೈದಾನ ನೂರು ಗಜ ಉದ್ದ, ಎರಡೂ ಕಡೆ ತಲಾ 11 ಜನ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ, ಹೋಗದಿದ್ದರೆ ಚೆಂಡು ಎದುರಾಳಿಗೆ. ಅಮ್ಮ ಎಲ್ಲ ಕೇಳಿಸಿಕೊಂಡು, "ನನ್ನ ಸೀರೆಗಿಂತ ಒಂದೇ ಗಜ ಜಾಸ್ತಿ. ಅಷ್ಟಕ್ಕೆ ಹನ್ನೊಂದು ಜನ ಹೆಲ್ಮೆಟ್ ಹಾಕ್ಕಂಡು ಬಡಿದಾಡ್ತಾರಾ?" ಎಂದಳು. ಈ ಆಟದ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಅದು. ಆದರೆ ಆ ಹತ್ತು ಗಜವೇ ಮುಂದೆ ನನ್ನ ಕೊರಳಿಗೆ ಸುತ್ತಿಕೊಳ್ಳುತ್ತದೆಂದು ಆಗ ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಎಲ್ಲಕ್ಕೂ ಮೂಲ ನನ್ನ ಬಾಯಿ. ಸೀಸನ್ ಆರಂಭದ ಪೋಷಕರ ಸಭೆಯಲ್ಲಿ ಹಾಕಿ ಕೋಚ್, "ಯಾರಿಗಾದರೂ ಈ ಆಟದ ಪರಿಚಯ ಇದೆಯೇ?" ಎಂದು ಸುಮ್ಮನೆ ಕೇಳಿದರು. ಕೇಳಬಾರದಿತ್ತು. ಕನ್ನಡಿಗನಾದವನು ಹಾಕಿಯ ಮಾತು ಬಂದಾಗ ಸುಮ್ಮನೆ ಕೂರುವುದುಂಟೇ? ಎದ್ದು ನಿಂತೆ. 1928ರಿಂದ 1956ರವರೆಗೆ ಸತತ ಆರು ಒಲಿಂಪಿಕ್ ಚಿನ್ನ, ಒಟ್ಟು ಎಂಟು ಚಿನ್ನ, ಧ್ಯಾನ್‌ಚಂದ್ ಎಂದು ಶುರುಮಾಡಿದೆ. ಅಲ್ಲಿಂದ ಕೊಡಗಿಗೆ ಇಳಿದೆ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, 1980ರ ಮಾಸ್ಕೋ ಚಿನ್ನದ ತಂಡದಲ್ಲಿದ್ದ ಎಂ.ಎಂ. ಸೋಮಯ್ಯ, ಒಬ್ಬರನ್ನೂ ಬಿಡಲಿಲ್ಲ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಹುಟ್ಟುಹಾಕಿದ ಕೊಡವ ಕುಟುಂಬಗಳ ಹಾಕಿ ಹಬ್ಬ, ಅಲ್ಲಿ ಒಂದೇ ಮನೆತನದ ಹೆಂಗಸರು ಗಂಡಸರು, ಹಿರಿಯರು ಕಿರಿಯರು ಒಂದೇ ತಂಡದಲ್ಲಿ ಆಡುವ ಸೊಬಗು, ಎಲ್ಲವನ್ನೂ ಬಣ್ಣಿಸಿದೆ. ಸಭೆ ಬೆರಗಾಗಿ ಕೇಳಿತು. ಕೊನೆಗೆ, "ನಾನು ಬಂದಿರುವುದು ಆ ರಾಜ್ಯದಿಂದ" ಎಂದು ಎದೆಯುಬ್ಬಿಸಿ ಕೂತೆ. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹೇಳದೆ ಬಿಟ್ಟದ್ದು ಇಷ್ಟೇ: ಕೊಡಗಿಗೆ ನಾನು ಹೋಗಿದ್ದು ಕಾಲೇಜು ಪ್ರವಾಸದಲ್ಲಿ, ಕಿತ್ತಳೆಹಣ್ಣು ತಿಂದು ವಾಪಸು ಬಂದಿದ್ದೆ. ಹಾಕಿ ಸ್ಟಿಕ್ಕನ್ನು ಕೈಯಲ್ಲಿ ಹಿಡಿದದ್ದು ಪಕ್ಕದ ಮನೆಯ ಪೇರಲೆ ಮರದ ಕೊಂಬೆ ಬಗ್ಗಿಸುವುದಕ್ಕೆ.

ಮಗಳು ಕಾರಿನಲ್ಲಿ ಒಂದೇ ಮಾತು ಹೇಳಿದಳು: "ಅಪ್ಪಾ, ಶನಿವಾರ ಪೇರೆಂಟ್ಸ್ ವರ್ಸಸ್ ಡಾಟರ್ಸ್ ಮ್ಯಾಚಿದೆ. ಕೋಚ್ ನಿನ್ನ ಹೆಸರು ಫಸ್ಟ್ ಬರ್ಕೊಂಡ್ರು."

ಶನಿವಾರ ಸ್ಟಿಕ್ ಕೈಗೆ ಬಂತು. ಹಾಕಿ ಸ್ಟಿಕ್ಕಿನ ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಉಬ್ಬು. ಚಪ್ಪಟೆ ಮಗ್ಗುಲಲ್ಲಿ ಮಾತ್ರ ಹೊಡೆಯಬೇಕು, ಉಬ್ಬಿನಲ್ಲಿ ತಾಗಿದರೆ ಫೌಲ್. ಚೆಂಡು ಕಾಲಿಗೆ ತಾಗಿದರೂ ಫೌಲ್. ನಾನು ಎಡಚ. ಹಾಕಿಯಲ್ಲಿ ಎಡಚರಿಗೆಂದು ಬೇರೆ ಸ್ಟಿಕ್ ಇಲ್ಲ, ಭೂಮಂಡಲದಲ್ಲಿ ಎಲ್ಲರೂ ಬಲಗೈಯವರ ಸ್ಟಿಕ್ಕಿನಲ್ಲೇ ಆಡಬೇಕು. ಹಾಗಾಗಿ ನಾನು ಮುಟ್ಟಿದ ಪ್ರತಿ ಚೆಂಡೂ ಒಂದೋ ಉಬ್ಬಿಗೆ ತಾಗಿತು, ಇಲ್ಲವೇ ಪಾದಕ್ಕೆ ತಾಗಿತು, ಒಮ್ಮೊಮ್ಮೆ ಎರಡಕ್ಕೂ ತಾಗಿ ಅಂಪೈರ್ ಯಾವುದಕ್ಕೆ ಸೀಟಿ ಊದಬೇಕೆಂದು ಗೊಂದಲಕ್ಕೆ ಬಿದ್ದರು. ಸ್ವಲ್ಪ ಹೊತ್ತಿನಲ್ಲಿ ನಮ್ಮ ತಂಡದ ಪೋಷಕರೊಬ್ಬರು ಬಹಳ ಗೌರವದಿಂದ, "ನಿಮ್ಮ ಅನುಭವ ಗೋಲಿನಲ್ಲಿ ಹೆಚ್ಚು ಉಪಯೋಗಕ್ಕೆ ಬರಬಹುದು" ಎಂದರು. ಗೋಲಿಯ ಕಾಲಿಗೆ ಚೆಂಡು ತಾಗಿದರೆ ಫೌಲಿಲ್ಲವಲ್ಲ.

ಗೋಲಿಯ ಕಿಟ್ ನೀವು ಹತ್ತಿರದಿಂದ ನೋಡಿರಲಾರಿರಿ. ಮೊಣಕಾಲು ಮುಚ್ಚುವ ಫೋಮಿನ ಹಲಗೆಗಳು, ಶೂ ಮೇಲೆ ಕಟ್ಟುವ ಇನ್ನೆರಡು ಫೋಮಿನ ಗಡ್ಡೆಗಳು, ಎದೆಕವಚ, ಎರಡು ಕೈಗೂ ಆಯತಾಕಾರದ ದಿಂಬು, ಜಾಲರಿಯ ಹೆಲ್ಮೆಟ್. ಬೆಲ್ಟುಗಳೆಲ್ಲ ವೆಲ್ಕ್ರೋ. ಒಂದನ್ನು ಎಳೆದು ಅಂಟಿಸಿದರೆ ಇನ್ನೊಂದು ಪರ್ರ್ ಎಂದು ಬಿಡುತ್ತದೆ. ವರ್ಷಗಟ್ಟಲೆ ಶಾಲೆಯ ಗೋಲಿಗಳು ಬೆವರು ಸುರಿಸಿದ ಆ ಫೋಮಿನ ವಾಸನೆ ಇದೆಯಲ್ಲ, ಅದನ್ನು ತೊಳೆದು ತೆಗೆಯಲು ಆಗುವುದಿಲ್ಲ, ಗೌರವಿಸಿ ಬದುಕಬೇಕು ಅಷ್ಟೆ. ಇಬ್ಬರು ಹುಡುಗಿಯರು ನನ್ನನ್ನು ಅದರೊಳಗೆ ತುಂಬಿದರು. ಎರಡೂ ಕಾಲು ಅಗಲಿಸಿಕೊಂಡು ಗೋಲಿನವರೆಗೆ ನಡೆದು ಸೇರುವಷ್ಟರಲ್ಲೇ ನನಗೆ ಏದುಸಿರು. ಗೋಲು 12 ಅಡಿ ಅಗಲ, 7 ಅಡಿ ಎತ್ತರ. ನಾನು ನಿಂತ ಮೇಲೂ ಅದರಲ್ಲಿ ಬೇಕಾದಷ್ಟು ಜಾಗ ಉಳಿದಿತ್ತು.

ಪೆನಾಲ್ಟಿ ಕಾರ್ನರ್ ಬಂತು. ಹೊಡೆಯುವವಳು ನನ್ನ ಮಗಳು. ಹಾಕಿ ಚೆಂಡು ಗಟ್ಟಿ ಪ್ಲಾಸ್ಟಿಕ್ಕಿನದು, ತೂಕ ಹೆಚ್ಚುಕಡಿಮೆ ಕ್ರಿಕೆಟ್ ಚೆಂಡಿನಷ್ಟು, 160 ಗ್ರಾಂ ಆಸುಪಾಸು. ಅದು ಹೊರಟದ್ದನ್ನು ನಾನು ನೋಡಲಿಲ್ಲ, ಸ್ಟಿಕ್ಕಿನ ಸದ್ದು ಕೇಳಿದ ಕೂಡಲೇ ಕಣ್ಣು ಮುಚ್ಚಿಕೊಂಡಿದ್ದೆ. ಹೆಲ್ಮೆಟ್ಟಿನ ಮೇಲೆ ದೇವಸ್ಥಾನದ ಗಂಟೆ ಮೊಳಗಿತು. ಹಿಂದಕ್ಕೆ ಬಿದ್ದೆ. ಚೆಂಡು ನನ್ನ ಪಕ್ಕದಲ್ಲೇ, ಗೋಲುಗೆರೆಯ ಈಚೆಗೆ, ಗೇಣು ದೂರದಲ್ಲಿ ನಿಂತಿತ್ತು. "ಸೇವ್!" ಎಂದು ಪೋಷಕರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಗೆ ಉಬ್ಬಿ, ಎದ್ದು ಕೈಬೀಸಬೇಕೆಂದುಕೊಂಡೆ. ಆ ಕಿಟ್ಟಿನಲ್ಲಿ ಮಲಗಿದವನು ತಾನಾಗಿ ಏಳಲಾರ. ಎಡಕ್ಕೆ ಹೊರಳಿದೆ, ಆಗಲಿಲ್ಲ. ಬಲಕ್ಕೆ ಜೋರಾಗಿ ಹೊರಳಿದೆ. ನನ್ನ ಸೊಂಟದ ತಾಕಿಗೆ ಚೆಂಡು ಮೆಲ್ಲಗೆ ಉರುಳಿ ಗೆರೆ ದಾಟಿ ಒಳಗೆ ಹೋಯಿತು. ಹುಡುಗಿಯರು ಮೊದಲು ಗೋಲು ಆಚರಿಸಿದರು, ಆಮೇಲೆ ಬಂದು ನನ್ನನ್ನು ಎತ್ತಿದರು. ಕೋಚ್ ಹತ್ತಿರ ಬಂದು, "ನಿಮ್ಮ ರಾಜ್ಯದ ಶೈಲಿಯೇ?" ಎಂದು ಕೇಳಿದರು. ಅವರು ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದ್ದು. ಕೊಡಗಿನ ಜನ ನನ್ನನ್ನು ಕ್ಷಮಿಸಬೇಕು.

ಆಡಿ ಮರ್ಯಾದೆ ಹೋಯಿತು, ನೋಡಿಯಾದರೂ ಉಳಿಸಿಕೊಳ್ಳೋಣ ಎಂದು ಮಗಳ ಮ್ಯಾಚುಗಳಿಗೆ ತಪ್ಪದೆ ಹೋದೆ. ನನ್ನ ಹಾಕಿ ಜ್ಞಾನ ರೇಡಿಯೋ ಕಾಮೆಂಟರಿ ಕಾಲದ್ದು. ಎದುರಾಳಿ ಹುಡುಗಿ ಗೋಲಿನ ಹತ್ತಿರ ಒಬ್ಬಳೇ ನಿಂತದ್ದು ಕಂಡಾಗಲೆಲ್ಲ "ಆಫ್‌ಸೈಡ್! ಆಫ್‌ಸೈಡ್!" ಎಂದು ಗಂಟಲು ಹರಿಯುವಂತೆ ಕೂಗಿದೆ. ಅಂಪೈರ್ ತಿರುಗಿಯೂ ನೋಡಲಿಲ್ಲ. ಅವರಿಗೆ ಕಣ್ಣು ಕಾಣಿಸುವುದಿಲ್ಲವೇ ಎಂದು ಪಕ್ಕದ ಅಜ್ಜಿಯೊಬ್ಬರನ್ನು ಕೇಳಿದೆ. ಅವರು ತಾವು ಹೊದ್ದ ಕಂಬಳಿಯಲ್ಲಿ ಅರ್ಧ ನನ್ನ ಮೊಣಕಾಲಿಗೆ ಹೊದಿಸಿ, ಹಾಕಿಯಲ್ಲಿ ಆಫ್‌ಸೈಡ್ ನಿಯಮವನ್ನು 1990ರ ದಶಕದಲ್ಲೇ ತೆಗೆದುಹಾಕಿದ್ದಾರೆಂದು ಸಮಾಧಾನವಾಗಿ ತಿಳಿಸಿದರು. ಅವರು ಹೈಸ್ಕೂಲಿನಲ್ಲಿ ಈ ಆಟ ಆಡಿದವರಂತೆ. ಕಾನ್ಸ್ಟನ್ಸ್ ಆಪಲ್‌ಬೀ ಎಂಬ ಇಂಗ್ಲೆಂಡಿನ ಮಹಿಳೆ 1901ರಲ್ಲಿ ಬಂದು ಇಲ್ಲಿನ ಕಾಲೇಜು ಹುಡುಗಿಯರಿಗೆ ಹಾಕಿ ಕಲಿಸಿದ್ದರಿಂದ ಅಮೆರಿಕದಲ್ಲಿ ಇದು ಹುಡುಗಿಯರ ಆಟವಾಗಿಯೇ ಬೆಳೆಯಿತೆಂದೂ, ಆಕೆ 107 ವರ್ಷ ಬದುಕಿದ್ದರೆಂದೂ ಹೇಳಿದರು. ಪೋಷಕರ ಸಭೆಯಲ್ಲಿ ನಾನು ಮಾಡಿದ ಭಾಷಣದ ದಿನ ಈ ಅಜ್ಜಿ ಎರಡನೇ ಸಾಲಿನಲ್ಲೇ ಕೂತಿದ್ದರೆಂದು ಆಮೇಲೆ ನೆನಪಾಯಿತು.

ಬೇರೆ ಊರಿನ ಶಾಲೆಯಲ್ಲಿ ನಡೆದ ಮ್ಯಾಚಿಗೆ ಆಫೀಸಿನಿಂದ ನೇರ ಓಡಿದೆ, ತಡವಾಗಿತ್ತು. ಹಾಕಿ ಆಡುವ ಹುಡುಗಿಯರನ್ನು ದೂರದಿಂದ ಗುರುತು ಹಿಡಿಯುವುದು ಬ್ರಹ್ಮವಿದ್ಯೆ. ಕಣ್ಣಿಗೆ ಗಾಗಲ್ಸು, ಬಾಯಿಗೆ ಮೌತ್‌ಗಾರ್ಡು, ಎಲ್ಲರದ್ದೂ ಎತ್ತಿ ಕಟ್ಟಿದ ಜುಟ್ಟು. ನಂಬರ್ ಒಂದೇ ಗತಿ. ಮಗಳ ನಂಬರ್ 14. ಕಂಡಳು. ಅಬ್ಬಾ, ಏನು ಆಟ! ಮೂವರನ್ನು ತಪ್ಪಿಸಿ ಗೋಲು ಹೊಡೆದಳು. ನಾನು ಬೆಂಚಿನ ಮೇಲೆ ಹತ್ತಿ ಶಿಳ್ಳೆ ಹಾಕಿದೆ, ವಿಡಿಯೋ ಮಾಡಿದೆ, ದಾವಣಗೆರೆಯ ಫ್ಯಾಮಿಲಿ ಗ್ರೂಪಿಗೆ ಕಳಿಸಿದೆ. ಊರಲ್ಲಿ ನಡುರಾತ್ರಿಯಾಗಿದ್ದರೂ ಹಾರೈಕೆಗಳು ಸುರಿದವು. "ಥೇಟ್ ನಿನ್ನ ಓಟ" ಎಂದು ಸೋದರತ್ತೆ ಬರೆದರು. ಸುತ್ತ ಕೂತವರು ಮಾತ್ರ ಯಾಕೋ ಬಿಗಿದುಕೊಂಡಿದ್ದರು. ಆಗ ಹೆಂಡತಿಯ ಫೋನು ಬಂತು. ಅವಳು ಮೈದಾನದ ಆಚೆ ಬದಿಯಲ್ಲಿದ್ದಳು. "ರೀ, ಕೆಳಗಿಳೀರಿ. ಅದು ಅವರ ಹದಿನಾಲ್ಕು. ನಮ್ಮದು ಬೆಂಚ್ ಮೇಲೆ ಕೂತು ನಿಮ್ಮನ್ನೇ ನೋಡ್ತಿದಾಳೆ." ನಾನು ಎದುರಾಳಿಯ ಗೋಲಿಗೆ ಶಿಳ್ಳೆ ಹಾಕಿದ್ದೆ, ಅದೂ ನಮ್ಮವರ ಮಧ್ಯೆಯೇ ನಿಂತು. ಗ್ರೂಪಿನಲ್ಲಿ ಆ ವಿಡಿಯೋ ಇನ್ನೂ ಇದೆ. ಊರಿಗೆ ಹೋದಾಗಲೆಲ್ಲ ಆ ಗೋಲಿಗೆ ಮಗಳಿಗೆ ಶಹಭಾಸ್ ಸಿಗುತ್ತಿದೆ, ಅವಳು ನನ್ನ ಮುಖ ನೋಡಿ ಸುಮ್ಮನಾಗುತ್ತಾಳೆ.

ಫುಟ್‌ಬಾಲ್ ಕಡೆ ಬಂದರೆ, ಮಗ ಚಿಕ್ಕವನು, ಬೆಂಚಿನ ಆಟಗಾರ. ಹಾಗಾಗಿ ಶುಕ್ರವಾರ ರಾತ್ರಿಗಳಲ್ಲಿ ನನಗೆ ಕೈ ಖಾಲಿ. ಶಾಲೆಯ ತಂಡಗಳಿಗೆ ಹಣ ಕೂಡಿಸುವ ಬೂಸ್ಟರ್ ಕ್ಲಬ್ಬಿನವರು ಫಿಫ್ಟಿ-ಫಿಫ್ಟಿ ಲಾಟರಿ ಮಾರಲು ಹಚ್ಚಿದರು. ಕೂಡಿದ ಹಣದಲ್ಲಿ ಅರ್ಧ ಗೆದ್ದವರಿಗೆ, ಅರ್ಧ ತಂಡಕ್ಕೆ. ಉತ್ಸಾಹದಲ್ಲಿ ನಾನೂ ಒಂದು ಟಿಕೆಟ್ ಕೊಂಡೆ. ಹಾಫ್‌ಟೈಮಿನಲ್ಲಿ ಡಬ್ಬಿಯಿಂದ ಚೀಟಿ ಎತ್ತುವ ಗೌರವವನ್ನೂ ನನಗೇ ಕೊಟ್ಟರು. ಕಣ್ಣು ಮುಚ್ಚಿ ಎತ್ತಿದೆ, ಮೈಕಿನಲ್ಲಿ ನಂಬರ್ ಓದಿದೆ. ಯಾರೂ ಬರಲಿಲ್ಲ. ಮತ್ತೊಮ್ಮೆ ಓದಿದೆ. ಮೂರನೇ ಸಲ ಓದುವಾಗ ಜೇಬಿಗೆ ಕೈಹಾಕಿ ನೋಡಿದೆ. ಸಾವಿರ ಜನರ ಮುಂದೆ, ಮೈಕ್ ಆನ್ ಇರುವಾಗಲೇ, "ಅಯ್ಯೋ ದೇವ್ರೇ, ಇದು ನಂದೇ" ಎಂಬ ಅಚ್ಚಕನ್ನಡ ಆ ಸ್ಟೇಡಿಯಮ್ಮಿನಲ್ಲಿ ಮೊಳಗಿತು. ಹಣ ಅಲ್ಲೇ ತಂಡಕ್ಕೆ ಕೊಟ್ಟುಬಿಟ್ಟೆ. ಆದರೂ ಮುಂದಿನ ವಾರದಿಂದ ಡಬ್ಬಿ ಬೇರೆಯವರ ಕೈಗೆ ಹೋಯಿತು.

ಅಕ್ಟೋಬರ್‌ನಲ್ಲಿ ಹಾಕಿ ತಂಡದ ಸೀನಿಯರ್ ನೈಟ್. ಕೊನೆಯ ವರ್ಷದ ಹುಡುಗಿಯರು ಅಪ್ಪ ಅಮ್ಮನ ಜೊತೆ ಮೈದಾನಕ್ಕೆ ನಡೆದು ಬರುತ್ತಾರೆ, ಹೂಗುಚ್ಛ ಕೊಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ನನಗೆ ಇದು ತೀರಾ ಸಪ್ಪೆ ಎನಿಸಿತು. ನಾಲ್ಕು ವರ್ಷ ಮಗಳನ್ನು ತಿದ್ದಿದ ಕೋಚ್‌ಗೆ ನಮ್ಮ ಕಡೆಯ ಸನ್ಮಾನ ಆಗಬೇಡವೇ? ಎಡಿಸನ್ನಿನ ಅಂಗಡಿಯಿಂದ ದಪ್ಪ ಚೆಂಡುಹೂವಿನ ಹಾರ ತಂದೆ. ಟ್ರಂಕಿನ ತಳದಲ್ಲಿದ್ದ ಶಾಲು, ಮೈಸೂರು ಪೇಟ ತೆಗೆದೆ. ಹಣ್ಣಿನ ಬುಟ್ಟಿಯೂ ಆಯಿತು. ಹೆಂಡತಿ ಬೇಡವೆಂದಳು, ಮಗಳು ಕೈಮುಗಿದಳು. ಇಬ್ಬರಿಗೂ ಗೊತ್ತಾಗದಂತೆ ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಹೋದೆ.

ಅಂದು ಜಿಟಿಜಿಟಿ ಮಳೆ. ಎಲ್ಲರೂ ಕಪ್ಪು ರೇನ್‌ಕೋಟು, ತಲೆಗೆ ಟೋಪಿ. ಕೋಚ್ ಬೆನ್ನು ಹಾಕಿ ನಿಂತಿದ್ದರು, ಕೊರಳಲ್ಲಿ ಸೀಟಿಯ ದಾರ ಕಾಣುತ್ತಿತ್ತು. ಇದೇ ಸುಸಮಯ ಎಂದು ಹಿಂದಿನಿಂದ ಹೋಗಿ ಹಾರ ಹಾಕಿದೆ, ಶಾಲು ಹೊದಿಸಿದೆ, ಪೇಟ ಇಟ್ಟೆ. ಅವರು ತಿರುಗಿದರು. ಕೋಚ್ ಅಲ್ಲ, ಅಂಪೈರ್. ಪಂದ್ಯಕ್ಕೆ ಇನ್ನೈದು ನಿಮಿಷ ಇತ್ತು. ಎದುರಾಳಿ ತಂಡ, ಅವರ ಕೋಚ್, ಅವರ ಪೋಷಕರು, ಎಲ್ಲರ ಕಣ್ಣೆದುರಿಗೇ ತೀರ್ಪುಗಾರರಿಗೆ ಆತಿಥೇಯ ತಂಡದ ಪೋಷಕನಿಂದ ಹಾರ, ಶಾಲು, ಪೇಟ, ಕೈಯಲ್ಲಿ ಹಣ್ಣಿನ ಬುಟ್ಟಿ! ಆಕೆ ದೊಡ್ಡ ಮನುಷ್ಯರು, ನಕ್ಕು ಎಲ್ಲವನ್ನೂ ಬಿಚ್ಚಿ ವಾಪಸು ಕೊಟ್ಟರು. ಆದರೆ ತಾನು ಪಕ್ಷಪಾತಿಯಲ್ಲವೆಂದು ತೋರಿಸುವ ಅನಿವಾರ್ಯತೆ ಅವರಿಗೂ ಬಂತೋ ಏನೋ, ಅಂದು ಅನುಮಾನ ಇದ್ದ ಪ್ರತಿ ಚೆಂಡೂ ಎದುರಾಳಿಗೆ ಹೋದ ಹಾಗೆ ನನಗೆ ಕಂಡಿತು. ಹಾರ ಎರಡನೇ ಸಲ ನಿಜವಾದ ಕೋಚ್ ಕೊರಳಿಗೆ ಬೀಳುವ ಹೊತ್ತಿಗೆ ಮಳೆಗೆ ನೆನೆದು ಅರಿಶಿನ ಬಣ್ಣ ಬಿಟ್ಟುಕೊಂಡಿತ್ತು. ಅವರ ಬಿಳಿ ಟೀಶರ್ಟಿನ ಮೇಲೆ ಆ ಬಣ್ಣ ಇವತ್ತಿಗೂ ಹೋಗಿಲ್ಲವೆಂದು ಮಗಳು ಹೇಳುತ್ತಾಳೆ.

ಇಷ್ಟಾದ ಮೇಲೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರಬೇಕಿತ್ತು. ಆದರೆ ಥ್ಯಾಂಕ್ಸ್‌ಗಿವಿಂಗ್ ದಿನದ ಮ್ಯಾಚ್ ಬಂತು. ಅಕ್ಕಪಕ್ಕದ ಊರುಗಳ ಹಳೇ ಜಿದ್ದಿನ ಫುಟ್‌ಬಾಲ್. ಅಮೆರಿಕದ ಮೊದಲ ಕಾಲೇಜು ಫುಟ್‌ಬಾಲ್ ಪಂದ್ಯ ನಡೆದದ್ದು ನಮ್ಮ ನ್ಯೂಜೆರ್ಸಿಯಲ್ಲೇ, 1869ರ ನವೆಂಬರ್ 6ರಂದು, ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ. ರಟ್ಗರ್ಸ್ 6-4ರಿಂದ ಗೆದ್ದಿತು. ಇದನ್ನು ನಾನು ಬೂಸ್ಟರ್ ಕ್ಲಬ್ಬಿನ ಹಿರಿಯರೊಬ್ಬರಿಗೆ ಹೇಳಿದೆ. ಮತ್ತದೇ ಬಾಯಿ. "ಇಷ್ಟು ತಿಳಿದವರು ಸರಪಳಿ ಹಿಡಿಯಲು ಬನ್ನಿ, ಒಬ್ಬರು ಕಡಿಮೆ ಇದ್ದಾರೆ" ಎಂದು ಅವರು ಕಿತ್ತಳೆ ಬಣ್ಣದ ಜಾಕೆಟ್ ತೊಡಿಸಿದರು.

ಸರಪಳಿಯ ಲೆಕ್ಕ ಸ್ವಲ್ಪ ತಿಳಿದುಕೊಳ್ಳಿ, ಇಲ್ಲದಿದ್ದರೆ ನನ್ನ ದುರಂತ ಅರ್ಥವಾಗುವುದಿಲ್ಲ. ಸರಿಯಾಗಿ ಹತ್ತು ಗಜದ ಸರಪಳಿ, ಎರಡು ತುದಿಗೂ ಒಂದೊಂದು ಕೋಲು. ಹಿಂದಿನ ಕೋಲು ಅವಕಾಶಗಳು ಶುರುವಾದ ಜಾಗದಲ್ಲಿ, ಮುಂದಿನ ಕೋಲು ತಲುಪಬೇಕಾದ ಜಾಗದಲ್ಲಿ. ಮೈದಾನದ ಅಂಚಿನಲ್ಲಿ ನಾವು ಇದನ್ನು ಹಿಡಿದು ನಿಲ್ಲುತ್ತೇವೆ. ಹುಡುಗ ಹತ್ತು ಗಜ ಮುಟ್ಟಿದನೋ ಇಲ್ಲವೋ ಎಂಬ ಅನುಮಾನ ಬಂದರೆ ಸರಪಳಿಯನ್ನೇ ಮೈದಾನದ ನಡುವಿಗೆ ಒಯ್ದು ಅಳೆಯುತ್ತಾರೆ. ಒಯ್ಯುವಾಗ ಜಾಗ ತಪ್ಪಬಾರದಲ್ಲ, ಅದಕ್ಕೆ ಸರಪಳಿ ಐದು ಗಜದ ಗೆರೆಯೊಂದನ್ನು ದಾಟುವ ಕಡೆ ಮೊದಲೇ ಒಂದು ಪುಟ್ಟ ಕ್ಲಿಪ್ ಹಾಕಿರುತ್ತಾರೆ. ಒಳಗೆ ಹೋಗಿ ಆ ಕ್ಲಿಪ್ಪನ್ನು ಅದೇ ಗೆರೆಯ ಮೇಲಿಟ್ಟು ಸರಪಳಿ ಎಳೆದರೆ ಅಳತೆ ನಿಖರ. ಹಿಡಿ ಅಗಲದ ಆ ಕ್ಲಿಪ್ಪಿನ ಮೇಲೆ ಇಡೀ ಆಟದ ನ್ಯಾಯ ನಿಂತಿದೆ. ಆ ಹಿರಿಯರು ನನಗೆ ಕಲಿಸಿದ ನಿಯಮಗಳು ಮೂರು: ಯಾರ ಪರವೂ ಕೂಗಬೇಡ, ಆಟಗಾರರು ಮೈಮೇಲೆ ಬಂದರೆ ಕೋಲು ಬಿಟ್ಟು ಹಿಂದೆ ಸರಿ, ರೆಫರಿ ಹೇಳದೆ ಏನನ್ನೂ ಮುಟ್ಟಬೇಡ.

ಎರಡನೇ ನಿಯಮ ಮೊದಲ ಕ್ವಾರ್ಟರಿನಲ್ಲೇ ಮುರಿಯಿತು. ಮೂವರು ಹುಡುಗರು ಒಬ್ಬರನ್ನೊಬ್ಬರು ಹಿಡಿದುಕೊಂಡು ನನ್ನ ಕಡೆ ನುಗ್ಗಿದರು. ಉಳಿದವರೆಲ್ಲ ಕೋಲು ಬಿಟ್ಟು ಹಾರಿದರು. ನನಗೆ ವಹಿಸಿದ ವಸ್ತುವನ್ನು ಬಿಟ್ಟು ಓಡುವುದು ಸರಿಯೆನಿಸಲಿಲ್ಲ. ಕಣ್ಣು ಬಿಟ್ಟಾಗ ನಾನು ಮೂವರ ಅಡಿಯಲ್ಲಿದ್ದೆ, ಕೋಲು ಮಾತ್ರ ನನ್ನ ಮುಷ್ಟಿಯಲ್ಲಿ ನೆಟ್ಟಗೆ ನಿಂತಿತ್ತು. ಮೇಲಿದ್ದ ಹುಡುಗ ಎದ್ದು, "ಸರ್, ಆರ್ ಯು ಓಕೆ?" ಎಂದ. ನಾನು "ಟಚ್‌ಡೌನ್" ಎಂದೆನಂತೆ. ಹಾಫ್‌ಟೈಮಿನಲ್ಲಿ ಉಳಿದವರು ಕಾಫಿಗೆ ಹೋದರು. ರೆಫರಿ ಹೇಳದೆ ಏನನ್ನೂ ಮುಟ್ಟಬಾರದೆಂಬ ಮೂರನೇ ನಿಯಮವನ್ನು ನೆನೆದು, ಕೋಲನ್ನು ಕದಲಿಸದೆ ನಾನು ಅಲ್ಲೇ ನಿಂತೆ. ಶಾಲೆಯ ಮಾರ್ಚಿಂಗ್ ಬ್ಯಾಂಡ್ ಬಂತು. ಡ್ರಮ್ಮುಗಳು ಒಂದೆಡೆ, ಟ್ಯೂಬಾಗಳು ಒಂದೆಡೆ, ನಡುವೆ ಕಿತ್ತಳೆ ಜಾಕೆಟ್ಟಿನಲ್ಲಿ, ಮಂಕಿ ಕ್ಯಾಪ್ ಹಾಕಿಕೊಂಡು, ಕೋಲು ಹಿಡಿದ ದಾವಣಗೆರೆಯವನು. ಮಕ್ಕಳು ಬಹಳ ಶಿಸ್ತಿನವರು, ತಾಳ ತಪ್ಪದೆ ಎರಡು ಸಾಲಾಗಿ ಒಡೆದು ನನ್ನನ್ನು ಬಳಸಿಕೊಂಡು ಹೋದರು. ಅದು ನೃತ್ಯದ ಭಾಗವೇ ಇರಬೇಕೆಂದು ಹಲವರು ಚಪ್ಪಾಳೆ ತಟ್ಟಿದರು.

ಕೊನೆಯ ಕ್ವಾರ್ಟರ್. ನಾವು 34-6ರಿಂದ ಸೋಲುತ್ತಿದ್ದೆವು. ಇನ್ನು ಹೋಗುವುದೇನೂ ಇಲ್ಲವೆಂದು ಕೋಚ್ ಬೆಂಚಿನ ಹುಡುಗರನ್ನೆಲ್ಲ ಒಳಗೆ ಬಿಟ್ಟರು. ನನ್ನ ಮಗನೂ ಇಳಿದ! ನಾಲ್ಕನೇ ಅವಕಾಶ, ಇನ್ನೆರಡು ಗಜ ಬೇಕು. ಚೆಂಡು ನನ್ನ ಮಗನ ಕೈಗೆ ಕೊಟ್ಟರು. ಇಡೀ ಸೀಸನ್ನಿನಲ್ಲಿ ಅವನಿಗೆ ಸಿಕ್ಕ ಒಂದೇ ಚೆಂಡು. ತಲೆ ತಗ್ಗಿಸಿ ನುಗ್ಗಿದ. ಒಬ್ಬ ಕಾಲು ಹಿಡಿದ, ಇನ್ನೊಬ್ಬ ಸೊಂಟ ಹಿಡಿದ, ಇಬ್ಬರನ್ನೂ ಎಳೆದುಕೊಂಡು ಮುಂದಕ್ಕೆ ಬಿದ್ದ. "ಹಾಕೋ ಮಗನೇ, ಹಾಕು! ದಾಟಿಬಿಟ್ಟ!" ಎಂದು ನಾನು ಎಗರಿದೆ. ದಾಟಿದ ಮೇಲೆ ಇನ್ನೇನು, ಸರಪಳಿ ಹತ್ತು ಗಜ ಮುಂದೆ ಒಯ್ಯಬೇಕು, ಒಯ್ಯಬೇಕಾದರೆ ಹಳೇ ಜಾಗದ ಕ್ಲಿಪ್ ಬಿಚ್ಚಬೇಕು. ಬೇರೆಯವರಿಗೆ ಯಾಕೆ ತೊಂದರೆ ಎಂದು ನಾನೇ ಬಗ್ಗಿ ಕ್ಲಿಪ್ ಬಿಚ್ಚಿ ಜೇಬಿಗೆ ಹಾಕಿಕೊಂಡೆ.

ಸೀಟಿ ಮೊಳಗಿತು. ರೆಫರಿ ಚೆಂಡಿನ ಮೇಲೆ ಬಗ್ಗಿ ನೋಡಿ, ಕೈಸನ್ನೆ ಮಾಡಿ ಸರಪಳಿಯನ್ನು ಕರೆದರು. ಅಳತೆ! ಲೈನ್ಸ್‌ಮನ್ ನಮ್ಮತ್ತ ಓಡಿ ಬಂದು ಸರಪಳಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸವರಿದರು. ಮತ್ತೊಮ್ಮೆ ಸವರಿದರು. "ಕ್ಲಿಪ್ ಎಲ್ಲಿ?" ಎಂದರು. ಆ ಹಿರಿಯರು ನನ್ನ ಕಡೆ ತಿರುಗಿದರು. ನಾನು ಜೇಬಿನಿಂದ ಕ್ಲಿಪ್ ತೆಗೆದು ಅಂಗೈಯಲ್ಲಿಟ್ಟು ತೋರಿಸಿದೆ. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ. ಹಲವು ದಶಕ ಸರಪಳಿ ಹಿಡಿದ ಮನುಷ್ಯ, ಇಂಥದ್ದು ನಡೆಯಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ. ಎಲ್ಲಿಂದ ಅಳೆಯುವುದು? ಎಲ್ಲಿಗೆ ಎಳೆಯುವುದು? ಎರಡೂ ಕೋಚುಗಳು ಬಂದರು, ಐದು ಜನ ತೀರ್ಪುಗಾರರು ಸಭೆ ಸೇರಿದರು. ಮೈಕಿನವರು "ಅಳತೆಯಲ್ಲಿ ಸ್ವಲ್ಪ ತಡ" ಎಂದು ಘೋಷಿಸಿದರು. ಕೊನೆಗೆ ರೆಫರಿ ಮಂಡಿಯೂರಿ, ಕಣ್ಣಂದಾಜಿನಲ್ಲಿ ನೋಡಿ, ಎರಡು ಬೆರಳಿನ ನಡುವೆ ಒಂದಿಂಚು ಜಾಗ ಬಿಟ್ಟು ತೋರಿಸಿದರು. ಮುಟ್ಟಿಲ್ಲ. ಚೆಂಡು ಎದುರಾಳಿಗೆ.

ಸ್ಕೋರ್ 34-6 ಇದ್ದದ್ದರಿಂದ ನಾನು ಜೀವಸಹಿತ ಮನೆ ಸೇರಿದೆ. ಸಮಬಲದ ಪಂದ್ಯವಾಗಿದ್ದರೆ ಈ ಲೇಖನವನ್ನು ನನ್ನ ಹೆಂಡತಿ ಬರೆಯಬೇಕಾಗುತ್ತಿತ್ತು. ಮನೆಯಲ್ಲಿ ಮಗ ಮೊಣಕೈಗೆ ಐಸ್ ಹಿಡಿದುಕೊಂಡು ಊಟದ ಮೇಜಿಗೆ ಬಂದ.

"ಅಪ್ಪಾ, ಕ್ಲಿಪ್ ಯಾಕೆ ತೆಗ್ದೆ?"

"ನೀನು ದಾಟಿದೆ ಅಂತ ಕಣೋ."

"ನಾನು ದಾಟಿದ್ದೆ" ಎಂದ. ಅಮ್ಮ ವಿಡಿಯೋ ಕಾಲಿನಲ್ಲಿ ಎಲ್ಲ ಕೇಳಿಸಿಕೊಂಡು, "ಆ ಹತ್ತು ಗಜ ಅಳೆಯಾಕೂ ನಿನ್ನ ಕೈಲಿ ಆಗ್ಲಿಲ್ವೇನೋ?" ಎಂದಳು.

ಬೂಸ್ಟರ್ ಕ್ಲಬ್ಬಿನವರು ಒಳ್ಳೆಯ ಜನ, ಯಾರನ್ನೂ ಕೈಬಿಡುವುದಿಲ್ಲ. ಮುಂದಿನ ಸೀಸನ್ನಿನ ವಾಲಂಟಿಯರ್ ಪಟ್ಟಿ ಬಂದಿದೆ. ಮೈದಾನ, ಮೈಕು, ಡಬ್ಬಿ, ಸರಪಳಿ, ಎಲ್ಲ ಬಿಟ್ಟು ಮೈದಾನಕ್ಕೆ ಅತಿ ದೂರದ ಕೆಲಸವೊಂದನ್ನು ನನಗೆ ಹುಡುಕಿದ್ದಾರೆ. ಹಿಂದಿನ ಪಾರ್ಕಿಂಗ್ ಲಾಟಿನಲ್ಲಿ ಕಾರುಗಳಿಗೆ ದಾರಿ ತೋರಿಸುವುದು. ಆದ್ದರಿಂದ ಬಂಧುಗಳೇ, ಸೆಪ್ಟೆಂಬರಿನಲ್ಲಿ ನೀವು ಈ ಕಡೆಯ ಯಾವುದಾದರೂ ಹೈಸ್ಕೂಲಿಗೆ ಫುಟ್‌ಬಾಲ್ ನೋಡಲು ಬಂದರೆ, ಗೇಟಿನಲ್ಲಿ ಕಿತ್ತಳೆ ಜಾಕೆಟ್, ಮಂಕಿ ಕ್ಯಾಪ್ ಕಂಡರೆ, ದಯವಿಟ್ಟು ಕೈಬೀಸಿ ಮಾತಾಡಿಸಿ. ನಾನು ತೋರಿಸಿದ ಕಡೆ ಗಾಡಿ ಮಾತ್ರ ನಿಲ್ಲಿಸಬೇಡಿ.